ನಾಲ್ವರು, ಐವರು ಮತ್ತು ಬೀಗರ ಕಿವಿ

ಹೋದ ವರ್ಷ ಒಂದು ಮಧ್ಯಾಹ್ನ ನನ್ನ ಬೀಗ ನನ್ನ ಮಾತನ್ನು ಒಪ್ಪಿಕೊಂಡ. ಕೊಳ್ಳೇಗಾಲದ ನಮ್ಮ ರೇಷ್ಮೆ ಸೀರೆ ಅಂಗಡಿಯ ಗಾದಿಯ ಮೇಲೆ ಕಾಲು ಚಾಚಿ ಕೂತು, ಟೀ ಲೋಟ ಕೈಯಲ್ಲಿ ಹಿಡಿದು, 'ಊಂ, ಸರಿ' ಅಂದ. ನಾನು ಹೇಳಿದ್ದು ಇಷ್ಟೆ: ಅರವತ್ತರ ದಶಕದ ಇಂಗ್ಲಿಷ್ ಹಾಡುಗಾರರ ತಂಡಗಳಲ್ಲಿ ನನ್ನ ನಾಲ್ವರ ಮುಂದೆ ಅವನ ಐವರು ಏನೇನೂ ಅಲ್ಲ. ಐವತ್ತು ವರ್ಷಕ್ಕೂ ಮೇಲಾಯಿತು, ಈ ಒಂದು ಮಾತಿಗೆ ಅವನು ನನ್ನ ಮೇಲೆ ಎಗರಿ ಬೀಳದ ದಿನವಿಲ್ಲ. ಅವತ್ತು ಒಪ್ಪಿಕೊಂಡುಬಿಟ್ಟ. ಗೆದ್ದ ಖುಷಿಗೆ ಮನೆಗೆ ಹೋಗುವಾಗ ಮೈಸೂರು ಪಾಕು ಕಟ್ಟಿಸಿಕೊಂಡು ಹೋದೆ.

ತಂಡಗಳ ಹೆಸರು ಬರೆಯುವುದಿಲ್ಲ. ಬರೆದರೆ ಯಾರಾದರೂ ಓದುಗರು ಒಂದು ಕಡೆ ಸೇರಿಕೊಳ್ಳುತ್ತಾರೆ, ಜಗಳ ದೊಡ್ಡದಾಗುತ್ತದೆ. ನಮ್ಮ ಮನೆಯ ಹೆಂಗಸರು ಅವರನ್ನು 'ನಾಲ್ವರು' ಮತ್ತು 'ಐವರು' ಎಂದೇ ಕರೆಯುತ್ತಾ ಬಂದಿದ್ದಾರೆ. ಹಣೆಯ ಮೇಲೆ ಕೂದಲು ಇಳಿಬಿಟ್ಟು, ಕೋಟು ಹಾಕಿ, ನೆಂಟರ ಮನೆಗೆ ಹೊರಟವರಂತೆ ನೀಟಾಗಿ ನಿಂತು ಹಾಡುವ ಹುಡುಗರು ನನ್ನವರು. ಅಂಗಿಯ ಗುಂಡಿ ಹಾಕದೆ, ನೆಂಟರ ಮನೆಯಲ್ಲಿ ಜಗಳವಾಡಿ ಎದ್ದು ಬಂದವರಂತೆ ಹಾಡುವವರು ಅವನವರು.

ಈ ರೋಗ ನಮಗಿಬ್ಬರಿಗೂ ಅಂಟಿಕೊಂಡದ್ದು ಮೈಸೂರಿನ ಹಾಸ್ಟೆಲಿನಲ್ಲಿ. ನಾನು ಕೊಳ್ಳೇಗಾಲದ ಸೀರೆ ವ್ಯಾಪಾರಿಯ ಮಗ, ಅವನು ಹನೂರಿನ ಆಚೆ ಅಜ್ಜೀಪುರದ ಜಮೀನ್ದಾರರ ಮಗ. ಇಬ್ಬರೂ ಕನ್ನಡ ಶಾಲೆಯಲ್ಲಿ ಓದಿ ಬಂದವರು. ಹಾಸ್ಟೆಲಿನ ರೇಡಿಯೊದಲ್ಲಿ ಗೊರಗೊರ ಸದ್ದಿನ ನಡುವೆ ಆ ಹಾಡುಗಳು ತೇಲಿ ಬರುತ್ತಿದ್ದವು. ಪದಗಳಲ್ಲಿ ಮುಕ್ಕಾಲು ಪಾಲು ತಿಳಿಯುತ್ತಿರಲಿಲ್ಲ. ಅದರಿಂದ ಜಗಳಕ್ಕೇನೂ ಅಡ್ಡಿಯಾಗಲಿಲ್ಲ, ಅನುಕೂಲವೇ ಆಯಿತು. ಎಷ್ಟೋ ವರ್ಷಗಳ ಮೇಲೆ ನನ್ನ ಸೊಸೆ, ಅಂದರೆ ಅವನ ಮಗಳು, ಫೋನಿನಲ್ಲಿ ಪದಗಳನ್ನು ಹುಡುಕಿ ಅರ್ಥ ಹೇಳಿದಳು. ನನ್ನ ಮೆಚ್ಚಿನ ಹಾಡಿನಲ್ಲಿ ಹುಡುಗನೊಬ್ಬ ಹುಡುಗಿಯ ಮುಂದೆ ಗೋಗರೆಯುತ್ತಿದ್ದ. ಅವನ ಮೆಚ್ಚಿನ ಹಾಡಿನಲ್ಲೂ ಒಬ್ಬ ಅದನ್ನೇ ಮಾಡುತ್ತಿದ್ದ, ಸ್ವಲ್ಪ ಜೋರಾಗಿ. ಇಬ್ಬರು ಮುದುಕರೂ ಸೊಸೆಯ ಮುಖ ನೋಡಲಾರದೆ ಅಂಗಳಕ್ಕೆ ಎದ್ದು ಹೋದೆವು.

ಒಂದು ರಜೆಯಲ್ಲಿ ನಾನು ನಾಲ್ವರಂತೆ ಹಣೆ ಮುಚ್ಚುವಷ್ಟು ಕೂದಲು ಬಿಟ್ಟುಕೊಂಡು ಊರಿಗೆ ಬಂದೆ. ನಮ್ಮಪ್ಪ ಕೈ ಹಿಡಿದು ನೇರವಾಗಿ ಕ್ಷೌರದಂಗಡಿಗೆ ಕರೆದುಕೊಂಡು ಹೋಗಿ, ಕೆಲಸ ಮುಗಿಯುವವರೆಗೂ ಬಾಗಿಲಲ್ಲಿ ನಿಂತಿದ್ದರು. ಅದೇ ರಜೆಯಲ್ಲಿ ಅವನು ಐವರಂತೆ ಬಿಗಿಯಾದ ಪ್ಯಾಂಟು ಹೊಲಿಸಿಕೊಂಡು ಹನೂರಿನಲ್ಲಿ ಸೈಕಲ್ ಹತ್ತಿದ. ಪ್ಯಾಂಟು ಅಲ್ಲೇ ಹರಿಯಿತು. ಅಂಗಿಯನ್ನು ಸೊಂಟಕ್ಕೆ ಕಟ್ಟಿಕೊಂಡು ಬನಿಯನ್ನಿನಲ್ಲಿ ಅಜ್ಜೀಪುರ ಸೇರಿದ. ಈಗಲೂ ಅವನು ನನ್ನ ಕೂದಲಿನ ಮಾತು ತೆಗೆದರೆ ನಾನು ಅವನ ಪ್ಯಾಂಟಿನ ಮಾತು ತೆಗೆಯುತ್ತೇನೆ.

ಓದು ಮುಗಿದ ಮೇಲೆ ನಾನು ಅಂಗಡಿಯಲ್ಲಿ ಕೂತೆ, ಅವನು ಜಮೀನು ನೋಡಿಕೊಂಡ. ವಾರಕ್ಕೊಮ್ಮೆ ಬಸ್ಸಿನಲ್ಲಿ ಕೊಳ್ಳೇಗಾಲಕ್ಕೆ ಬಂದು ಗಾದಿಯ ಮೇಲೆ ಕೂತರೆ ಸಂಜೆಯ ಬಸ್ಸಿನವರೆಗೂ ವಾದ. ನಾನು ಸೀರೆಯವನು, ನನಗೆ ಎಲ್ಲವೂ ಸೀರೆಯ ಲೆಕ್ಕವೇ. ಒಳ್ಳೆಯ ಹಾಡಿಗೆ ಒಡಲು, ಅಂಚು, ಸೆರಗು ಮೂರೂ ಬೇಕು ಎನ್ನುತ್ತಿದ್ದೆ. ನನ್ನ ನಾಲ್ವರು ದನಿಗೆ ದನಿ ಸೇರಿಸಿದರೆ ಒಡಲಿಗೆ ಅಂಚು ಕೂಡಿಕೊಂಡ ಜಾಗ ಬೆರಳಿಗೆ ಸಿಗುವುದಿಲ್ಲ. ಅವನ ಐವರದು ಬರೀ ಒಡಲು, ಅದೂ ಒರಟು.

'ಸೀರೆ ಮಡಿಸಿ ಬೀರುವಿನಾಗೆ ಮಡೀಕೋ ಓಗು,' ಎನ್ನುತ್ತಿದ್ದ ಅವನು. 'ನಮ್ಮೋರದು ಗೇಯೋರ ಸಂಗೀತ ಕಣ್ಲಾ. ನಮ್ಮ ಬಾವಿ ಮೇಲಿನ ಡೀಸೆಲ್ ಎಂಜಿನ್ ಇದ್ದಂಗೆ. ಒಂದ್ಸಲ ಸ್ಟಾರ್ಟ್ ಆದ್ರೆ ಹೊಲ ತುಂಬೋಗಂಟ ನಿಲ್ಲಲ್ಲ.'

'ಹೊಗೆಯೂ ಹಂಗೇ ಬಿಡ್ತದೆ,' ಎನ್ನುತ್ತಿದ್ದೆ ನಾನು.

ನನ್ನ ನಾಲ್ವರು ಆ ದಶಕ ಮುಗಿಯುತ್ತಿದ್ದ ಹಾಗೇ ಬೇರೆ ಬೇರೆಯಾದರು. ಅದು ಅವನಿಗೆ ಸಿಕ್ಕ ದೊಡ್ಡ ಅಸ್ತ್ರ. 'ನಿಮ್ಮೋರು ಪಾಲಾಗಿ ನಾಲ್ಕ್ ಒಲೆ ಹೂಡ್ಕಂಡ್ರು. ನಮ್ಮೋರು ಮೊಮ್ಮಕ್ಕಳು ಬಂದ್ಮ್ಯಾಲೂ ಒಂದೇ ಒಲೇಲಿ ಉಣ್ತಾವ್ರೆ,' ಎಂದು ಕುಣಿಯುತ್ತಿದ್ದ. ನಾನು ಬಿಡುತ್ತಿದ್ದೆನೇ? ನಮ್ಮವರು ಮೂರು ತಲೆಮಾರು ಕೂತು ಉಣ್ಣುವಷ್ಟು ಆಸ್ತಿ ಮಾಡಿಟ್ಟು ಪಾಲಾದರು, ನಿಮ್ಮವರು ಇವತ್ತಿಗೂ ಅದೇ ಒಂದು ಹೊಲವನ್ನು ಉಳುತ್ತಿದ್ದಾರೆ ಎಂದೆ. ಆ ವಾರ ಅವನು ಟೀ ಕುಡಿಯದೆ ಎದ್ದು ಹೋದ. ಮುಂದಿನ ವಾರ ಹೊಸ ಉತ್ತರ ತಯಾರು ಮಾಡಿಕೊಂಡು ಬಂದ, ಎರಡು ಟೀ ಕುಡಿದ.

ನನ್ನ ಮಗನಿಗೆ ಅವನ ಮಗಳನ್ನು ತಂದುಕೊಂಡ ಮೇಲೆ ಒಂದು ತಾಪತ್ರಯವಾಯಿತು. ಬೀಗರು ಬೀಗರೊಡನೆ ಜನರ ಮುಂದೆ ಲೇ, ಕಣ್ಲಾ ಎನ್ನುವುದು ಚೆನ್ನಾಗಿರುವುದಿಲ್ಲ. ಹಾಗಾಗಿ ನೆಂಟರು ಸೇರಿದ ಕಡೆ ನಮ್ಮ ಜಗಳ ಬಹಳ ಮರ್ಯಾದೆಯಿಂದ ನಡೆಯುತ್ತಿತ್ತು. 'ಬೀಗ್ರೇ, ತಮ್ಮ ನಾಲ್ವರು ಕೋಟು ಬಿಚ್ಚಿದ್ರೆ ಒಳಗೇನದೆ ಅಂತೀನಿ,' ಎಂದು ಅವನು ಕೈ ಮುಗಿದು ಕೇಳುವನು. 'ತಮ್ಮ ಐವರು ಹಾಕಿಕೊಳ್ಳೋದೇ ಇಲ್ಲವಲ್ಲ ಬೀಗ್ರೇ,' ಎಂದು ನಾನೂ ಕೈ ಮುಗಿಯುವೆ. ಎರಡೂ ಕಡೆಯ ನೆಂಟರಿಗೆ ಇದು ಬಾಯಿಪಾಠವಾಗಿತ್ತು.

ಇಂಥ ಮನುಷ್ಯ ಒಪ್ಪಿಕೊಂಡ ಎಂದರೆ ನಾನು ಮೈಸೂರು ಪಾಕು ಕಟ್ಟಿಸದೆ ಇರಲಾದೀತೆ? ಮುಂದಿನ ವಾರ ನಮ್ಮ ಮನೆಗೇ ಊಟಕ್ಕೆ ಬಂದ. ಗೆದ್ದವನ ಗತ್ತಿನಲ್ಲಿ ನಾನು ಮತ್ತೆ ಕೆಣಕಿದೆ. 'ಬೀಗ್ರೇ, ತಮ್ಮ ಐವರನ್ನು ಅಜ್ಜೀಪುರದ ಹೊಲದಲ್ಲಿ ಕಾಗೆ ಓಡಿಸೋಕೂ ಇಟ್ಟುಕೊಳ್ಳೋಕಾಗಲ್ಲ.' ಅವನು ಸಾರಿಗೆ ತುಪ್ಪ ಹಾಕಿಕೊಳ್ಳುತ್ತಾ 'ಊಂ, ಸರಿ' ಅಂದ. ನನ್ನ ಮುಖ ನೋಡಿ ನಕ್ಕ.

ಬಡಿಸುತ್ತಿದ್ದ ನನ್ನ ಹೆಂಡತಿ ಸೌಟು ಹಿಡಿದುಕೊಂಡೇ ನಿಂತಳು. ಆಮೇಲೆ ಅಡುಗೆಮನೆಗೆ ನನ್ನನ್ನು ಕರೆದು, 'ಅವ್ರು ಒಪ್ಕತಾ ಇಲ್ಲ ಕಣ್ರಿ, ಅವ್ರಿಗೆ ಕೇಳುಸ್ತಾ ಇಲ್ಲ,' ಅಂದಳು.

ಆ ಮೈಸೂರು ಪಾಕು ಡಬ್ಬಿಯಲ್ಲಿ ಇನ್ನೂ ನಾಲ್ಕು ತುಂಡು ಉಳಿದಿತ್ತು. ತಿನ್ನಲು ಮನಸ್ಸಾಗಲಿಲ್ಲ.

ಸೊಸೆ ಅಪ್ಪನನ್ನು ಮೈಸೂರಿಗೆ ಕರೆದುಕೊಂಡು ಹೋಗಿ ತೋರಿಸಿದಳು. ಎರಡು ಕಿವಿಯೂ ಬಹಳ ಮಂದವಾಗಿವೆ, ಮಿಷನ್ ಹಾಕಿದರೆ ಕೇಳಿಸುತ್ತದೆ, ಹಾಕದೆ ಹೀಗೇ ಬಿಟ್ಟರೆ ಮಾತು ಹಿಡಿಯುವ ಅಭ್ಯಾಸವೇ ತಪ್ಪಿಹೋಗುತ್ತದೆ ಎಂದರಂತೆ ಡಾಕ್ಟರು. ಮಿಷನ್ ಬಂತು. ಅವನು ಅದನ್ನು ಡಬ್ಬಿಯಿಂದ ಹೊರಗೆ ತೆಗೆಯಲಿಲ್ಲ.

'ಕಿವಿಯೊಳಕ್ಕೆ ಕಡಲೆಕಾಯಿ ಬೀಜ ಸಿಗಿಸ್ಕಂಡಂಗೆ ಕಾಣ್ತದೆ. ಊರ್ನೋರೆಲ್ಲ ಕಿವುಡಪ್ಪ ಅಂತಾರೆ. ನಂಗೆ ಬೇಕಾದ್ದು ಕೇಳ್ತದೆ ಬುಡವ್ವ,' ಎಂದು ಮಗಳನ್ನು ಗದರಿಸಿದ. ಅವನಿಗೆ ಬೇಕಾದದ್ದು ಏನು ಕೇಳುತ್ತಿತ್ತೋ ದೇವರೇ ಬಲ್ಲ. ಬರಬರುತ್ತಾ ಕೊಳ್ಳೇಗಾಲಕ್ಕೆ ಬರುವುದನ್ನೂ ನಿಲ್ಲಿಸಿದ. ಬಸ್ಸಿನಲ್ಲಿ ಸುಸ್ತಾಗುತ್ತದೆ ಎಂಬ ನೆಪ. ಫೋನು ಮಾಡಿದರೆ ಹಲೋ ಎಂದು ತನ್ನ ಮಗನ ಕೈಗೆ ಕೊಟ್ಟುಬಿಡುತ್ತಿದ್ದ.

ನನಗೆ ಅಂಗಡಿ ಬಿಕೋ ಎನ್ನತೊಡಗಿತು. ಈಗ ವ್ಯಾಪಾರ ನೋಡಿಕೊಳ್ಳುವವನು ಮಗ, ನಾನು ಸುಮ್ಮನೆ ಕೂರುವವನು. ನನ್ನ ವಯಸ್ಸಿನವರು ಊರಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರೊಡನೆ ಸಕ್ಕರೆ ಕಾಯಿಲೆಯ ಬಗ್ಗೆ ಮಾತಾಡಬಹುದು, ಮೊಣಕಾಲಿನ ಬಗ್ಗೆ ಮಾತಾಡಬಹುದು. ನನ್ನ ನಾಲ್ವರನ್ನು ಬೈಯುವಷ್ಟು ಬಲ್ಲವನು ಈ ಮೂರು ತಾಲೂಕಿನಲ್ಲಿ ಅವನೊಬ್ಬನೇ. ಅವನು ಎಲ್ಲದಕ್ಕೂ ಸರಿ ಎನ್ನುತ್ತಾ ಅಜ್ಜೀಪುರದ ಜಗಲಿಯ ಮೇಲೆ ಕೂತುಬಿಟ್ಟರೆ ನಾನು ಇಲ್ಲಿ ಏನು ಮಾಡಲಿ? ನನಗೆ ಭಯವಾಯಿತು, ಸಿಟ್ಟೂ ಬಂತು.

'ಮಾವ, ನೀವೇ ಏನಾರ ಮಾಡ್ಬೇಕು. ನನ್ ಮಾತ್ನಂತೂ ಕೇಳಲ್ಲ ಅಪ್ಪ,' ಅಂದಳು ಸೊಸೆ.

ಬುದ್ಧಿ ಹೇಳಿ ಪ್ರಯೋಜನವಿಲ್ಲ, ಹೇಳಿದ್ದು ಕೇಳಿಸುವುದೇ ಇಲ್ಲ. ಅವನನ್ನು ನಾನು ಬಲ್ಲೆ. ಒಳ್ಳೆಯ ಮಾತಿಗೆ ಅಲ್ಲಾಡದ ಆಸಾಮಿ, ಕೆಣಕಿದರೆ ಮಾತ್ರ ಏಳುತ್ತಾನೆ. ಯಳಂದೂರು ತಾಲೂಕಿನ ಅಗರದಲ್ಲಿ ಅವನ ತಂಗಿ ಹೊಸ ಮನೆ ಕಟ್ಟಿದ್ದಳು. ಗೃಹಪ್ರವೇಶಕ್ಕೆ ಅವನು ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಮಿಷನ್ ಡಬ್ಬಿಯನ್ನು ಅಜ್ಜೀಪುರದ ಮನೆಯಿಂದ ತರಿಸಿ ಬ್ಯಾಗಿನಲ್ಲಿ ಇಟ್ಟುಕೊಂಡಿರು ಎಂದು ಸೊಸೆಗೆ ಹೇಳಿದೆ.

ಅಗರದಲ್ಲಿ ಪೂಜೆ ಮುಗಿದು, ಊಟಕ್ಕೆ ಇನ್ನೂ ಹೊತ್ತಿತ್ತು. ಗಂಡಸರೆಲ್ಲ ಶಾಮಿಯಾನದ ಕೆಳಗೆ ಕುರ್ಚಿಗಳಲ್ಲಿ ಕೂತಿದ್ದರು. ಅವನು ಒಂದು ಮೂಲೆಯಲ್ಲಿ ಯಾರು ಏನು ಹೇಳಿದರೂ ತಲೆದೂಗುತ್ತಾ ನಗುತ್ತಾ ಕೂತಿದ್ದ. ಜೀವಮಾನದಲ್ಲಿ ಅವನು ಯಾರಿಗೂ ತಲೆದೂಗಿದವನಲ್ಲ.

ನಾನು ಎದ್ದು ನಿಂತೆ. 'ಎಲ್ಲರೂ ಕೇಳಿ. ನಮ್ಮ ಐವತ್ತು ವರ್ಷದ ವ್ಯಾಜ್ಯ ತೀರಿತು. ಬೀಗರು ಸೋಲು ಒಪ್ಪಿಕೊಂಡಿದ್ದಾರೆ. ಐವರಿಗಿಂತ ನಾಲ್ವರೇ ಮೇಲು ಅಂತ ನನ್ನ ಅಂಗಡಿಯಲ್ಲೂ ಹೇಳಿದ್ದಾರೆ, ನಮ್ಮ ಮನೆಯಲ್ಲಿ ಊಟಕ್ಕೆ ಕೂತಾಗಲೂ ಹೇಳಿದ್ದಾರೆ. ನಮ್ಮ ಮನೆಯವಳೇ ಸಾಕ್ಷಿ.'

ಶಾಮಿಯಾನವೆಲ್ಲ ಹೋ ಎಂದಿತು. ಅವನೂ ಎಲ್ಲರೊಡನೆ ನಕ್ಕು ತಲೆದೂಗಿದ. ಆಗ ಅವನ ತಂಗಿ ಹತ್ತಿರ ಬಂದು, ಕಿವಿಗೆ ಬಾಯಿಟ್ಟು, ಪಕ್ಕದ ಬೀದಿಗೂ ಕೇಳುವ ಹಾಗೆ ಕೂಗಿದಳು.

'ಅಣ್ಣಾ, ನಾಲ್ವರೇ ಮೇಲು ಅಂತ ಒಪ್ಕಂಡ್ಬುಟ್ಯಂತೆ?'

ಅವನ ನಗು ನಿಂತಿತು. ಕುರ್ಚಿಯಿಂದ ಎದ್ದ. ಮರ್ಯಾದೆ ಮಾತ್ರ ಬಿಡಲಿಲ್ಲ. 'ಯಾವಾಗ ಒಪ್ಕಂಡೆ ಬೀಗ್ರೇ? ಯಾರ ಮುಂದೆ?' ಎಂದು ಗುಡುಗಿದ.

ನಾನು ನನ್ನ ಕಿವಿ ಮುಟ್ಟಿ ತೋರಿಸಿದೆ. ಸೊಸೆ ಬ್ಯಾಗಿನಿಂದ ಡಬ್ಬಿ ತೆಗೆದು ಮುಂದೆ ಹಿಡಿದಳು. ನಾನು ಅವಳ ಫೋನನ್ನು ಎತ್ತಿ ಹಿಡಿದೆ. ನನ್ನ ಷರತ್ತನ್ನು ಮತ್ತೆ ಅವನ ತಂಗಿಯೇ ಕೂಗಿ ತಿಳಿಸಬೇಕಾಯಿತು: ಎರಡು ತಂಡದ ಹಾಡನ್ನೂ ಇಲ್ಲೇ ಹಾಕುತ್ತಾರೆ, ಮಿಷನ್ ಹಾಕಿಕೊಂಡು ಕೇಳಿ ತೀರ್ಪು ಹೇಳಿದರೆ ಸೋಲು ರದ್ದು, ಇಲ್ಲದಿದ್ದರೆ ಒಪ್ಪಿಕೊಂಡ ಹಾಗೇ ಲೆಕ್ಕ.

ಅವನು ಡಬ್ಬಿ ನೋಡಿದ. ಕೂತಿದ್ದ ಜನರನ್ನು ನೋಡಿದ. ನನ್ನನ್ನು ನೋಡಿದ ನೋಟಕ್ಕೆ ನಾನು ಸುಟ್ಟುಹೋಗಬೇಕಿತ್ತು. ಜನರ ಮುಂದೆ ಇಷ್ಟು ಎಳೆದಾಡಬಾರದಿತ್ತೇನೋ, ಎದ್ದು ಹೋಗಿಬಿಟ್ಟರೆ ಏನು ಗತಿ ಎಂದುಕೊಂಡೆ. ಆದರೆ ಐವರ ಮಾನ ಅವನಿಗೆ ತನ್ನ ಮಾನಕ್ಕಿಂತ ದೊಡ್ಡದಾಗಿತ್ತು. ಕುರ್ಚಿಯಲ್ಲಿ ಕೂತು, ಕಿವಿಯನ್ನು ಮಗಳ ಕಡೆಗೆ ತಿರುಗಿಸಿದ. ಅವಳು ಒಂದೊಂದಾಗಿ ಎರಡನ್ನೂ ಸಿಗಿಸಿದಳು.

ಮೊದಲು ಅವನು ಬೆಚ್ಚಿದ. ಹಿಂದೆ ಅಡುಗೆಯವರು ಪಾತ್ರೆ ಎಳೆಯುತ್ತಿದ್ದರು, ಆ ಕಡೆ ತಿರುಗಿ ನೋಡಿದ. ಶಾಮಿಯಾನದ ಬಟ್ಟೆ ಪಟಪಟ ಎಂದರೆ ತಲೆ ಎತ್ತಿ ನೋಡಿದ. ಸೊಸೆ ಮೊದಲು ನನ್ನ ನಾಲ್ವರ ಹಾಡು ಹಾಕಿದಳು. ಅವನು ಕಣ್ಣು ಮುಚ್ಚಿಕೊಂಡು ಕೊನೆಯವರೆಗೂ ಕೇಳಿದ. ಆಮೇಲೆ ಐವರದು. ಅದಕ್ಕೂ ಕಣ್ಣು ಮುಚ್ಚಿದ, ಬಲಗಾಲು ಮಾತ್ರ ನೆಲ ತಟ್ಟುತ್ತಿತ್ತು. ಹಾಡು ಮುಗಿಯಿತು.

'ಹೇಳಿ ಬೀಗ್ರೇ, ಯಾರು ಮೇಲು?' ಎಂದೆ ನಾನು.

ಅವನು ಥಟ್ಟನೆ ಕಣ್ಣು ಬಿಟ್ಟ. ತೀರ್ಪು ಹೇಳಲಿಲ್ಲ. ನನ್ನ ಬಾಯಿಯನ್ನೇ ನೋಡಿದ.

'ಇನ್ನೊಂದ್ಸಲ ಮಾತಾಡು,' ಅಂದ.

'ಯಾರು ಮೇಲು ಅಂತ ಕೇಳ್ದೆ.'

'ಯಾಕ್ಲಾ ನಿನ್ ದನಿ ಇಂಗಾಗದೆ?' ಅಂದ. ಅಷ್ಟು ಜನರ ನಡುವೆ ಎದ್ದು ಬಂದು ನನ್ನ ಮೊಣಕೈ ಹಿಡಿದುಕೊಂಡ. 'ಆ ನನ್ಮಕ್ಳು ಅವತ್ತು ಎಂಗಾಡಿದ್ರೋ ಅಂಗೇ ಅವ್ರೆ. ನಿನ್ ಗಂಟಲು ಯಾವಾಗ್ಲಾ ಇಷ್ಟು ಮುದುಕಾಯ್ತು? ನಂಗೆ ಯಾರೂ ಏಳ್ನೇ ಇಲ್ವಲ್ಲ. ಮೈಯಲ್ಲಿ ಉಸಾರಾಗಿದ್ದೀಯೇನ್ಲಾ?'

ನನ್ನ ದನಿ ನನಗೆ ಎಂದಿನಂತೆಯೇ ಕೇಳಿಸುತ್ತಿತ್ತು. ಮುದುಕನಾಗುತ್ತಿರುವವನು ಅವನು, ಅವನನ್ನು ಕಾಪಾಡುವವನು ನಾನು ಎಂದುಕೊಂಡು ಕೊಳ್ಳೇಗಾಲದಿಂದ ಬಂದಿದ್ದೆ. ಹೆಂಡತಿಯ ಕಡೆ ನೋಡಿದೆ. ಅವಳು ಇಲ್ಲ ಎನ್ನಲಿಲ್ಲ, ಸೆರಗು ಸರಿಮಾಡಿಕೊಂಡಳು.

'ಉಸಾರಾಗೇ ಇದ್ದೀನಿ. ಮೊದ್ಲು ತೀರ್ಪು ಹೇಳು,' ಎಂದೆ, ಆದಷ್ಟು ಗಟ್ಟಿಯಾಗಿ.

ಅವನು ಹೇಳಿದ. ಐವರೇ ಮೇಲಂತೆ. ಯಾಕೆ ಮೇಲು ಎಂಬುದಕ್ಕೆ ಒಂದು ವರ್ಷದಿಂದ ಕೂಡಿಟ್ಟುಕೊಂಡಿದ್ದ ಕಾರಣಗಳನ್ನೆಲ್ಲ ನನ್ನ ಮೊಣಕೈ ಬಿಡದೆ ಹೇಳತೊಡಗಿದ. ನಾನು ಒಂದನ್ನೂ ಒಪ್ಪಲಿಲ್ಲ. ಎಲೆ ಹಾಕಿ, ಉಪ್ಪು ಬಡಿಸಿ, ಪಾಯಸ ಬಂದರೂ ನಾವಿನ್ನೂ ಕೂತಿರಲಿಲ್ಲ.