ಪಾರಮ್ಮನ ಮಗನ ಕೊನೆಯ ಸಾಲು

ಗೋಣೆಪ್ಪನಿಗೆ ಓದು ಬರುತ್ತಿರಲಿಲ್ಲ. ಯಲಬುರ್ಗಾ ತಾಲೂಕಿನ ಮಂಗಳೂರಿನಲ್ಲಿ ಕುರಿ ಕಾಯುತ್ತಲೇ ಪದ ಕಟ್ಟಿದವನು. ಹಾಡು ಕಲಿಸಿದವಳು ತಾಯಿ ಪಾರಮ್ಮ, ಬೀಸುಕಲ್ಲಿನ ಮುಂದೆ ಕೂರಿಸಿಕೊಂಡು. ಅವಳು ತೀರಿಕೊಂಡ ಮೇಲೆ ಪ್ರತಿ ಪದದ ಕೊನೆಗೆ ಅವಳ ಹೆಸರಿನ ಅಂಕಿತವನ್ನೇ ಇಟ್ಟ: ‘ಮಂಗಳೂರ ಪಾರಮ್ಮನ ಮಗ ಹೇಳತಾನ.’ ೧೯೩೮ರ ಹೊತ್ತಿಗೆ ಕುಷ್ಟಗಿಯಿಂದ ಸಿದ್ದಾಪುರದವರೆಗೆ ಜನ ಆ ಸಾಲಿಗಾಗಿ ಕಾಯುತ್ತಿದ್ದರು. ಬಂದೊಡನೆ ತಾವೂ ದನಿ ಕೂಡಿಸುತ್ತಿದ್ದರು.

ನಾನು ಆ ಊರಿನ ಮಾಸ್ತರ. ಮಧ್ಯಾಹ್ನ ಕುರಿಗಳು ಬೇವಿನ ನೆರಳಲ್ಲಿ ಮಲಗಿದಾಗ ಅವನು ಹೇಳುತ್ತಿದ್ದ, ನಾನು ಬರೆಯುತ್ತಿದ್ದೆ. ಆಗಲೇ ಯುದ್ಧ ಶುರುವಾಗಿತ್ತು, ಕಾಗದ ಸಿಗುತ್ತಿರಲಿಲ್ಲ. ಅಂಕಿತ ಎಲ್ಲಕ್ಕೂ ಒಂದೇ ಅಲ್ಲವೇ ಎಂದು ಮೊದಲ ಹಾಳೆಯಲ್ಲಿ ಒಮ್ಮೆ ಬರೆದು, ಉಳಿದ ಪದಗಳಿಗೆ ಬಿಟ್ಟುಬಿಟ್ಟೆ.

“ಎಲ್ಲಾದಕ್ಕೂ ಬರೀರಿ ಮಾಸ್ತರ್ರ,” ಎಂದಿದ್ದ.

“ನಿಮ್ಮವ್ವನ ಹೆಸರು ಯಾರಿಗೆ ಗೊತ್ತಿಲ್ಲೋ ಗೋಣ್ಯಾ?” ಎಂದು ನಕ್ಕಿದ್ದೆ.

ಕೊಪ್ಪಳದ ವ್ಯಾಪಾರಿ ದೇವೇಂದ್ರಪ್ಪ ಸಂಸ್ಥಾನದ ಸರಹದ್ದಿನಾಚೆ ಗದಗಿನಲ್ಲಿ ಅಚ್ಚು ಹಾಕಿಸಿಕೊಡುತ್ತೇನೆಂದಾಗ ಪದ ಬರೆದ ವಹಿಯನ್ನು ಅವನ ಕೈಗಿಟ್ಟವನೂ ನಾನೇ. ಪುಸ್ತಕ ಬಂತು. ಮೊದಲ ಹಾಳೆಯಲ್ಲಿ ಬರೆದಿದ್ದ ಪಾರಮ್ಮನ ಅಂಕಿತ ಎಲ್ಲಿಯೂ ಇರಲಿಲ್ಲ. ಪ್ರತಿ ಪದದ ಕೊನೆಗೆ ‘ಕೊಪ್ಪಳದ ದೇವೇಂದ್ರ ಹೇಳತಾನ’ ಎಂದಿತ್ತು. ಕೇಳಲು ಹೋದೆ.

“ಅಂಕಿತ ಇಲ್ಲದ ಪದ ಪರದೇಶಿ ಇದ್ದಂಗ್ರಿ. ನಾ ಜೋಪಾನ ಮಾಡೀನಿ,” ಎಂದು ಚಹಾ ತರಿಸಿದ. ಕುಡಿದು ಬಂದೆ.

ಮೂರು ವರ್ಷಗಳಲ್ಲಿ ಆ ಪುಸ್ತಕ ಊರೂರಿನ ಭಜನೆಯವರ ಕೈ ಸೇರಿತು. ಅಚ್ಚಾದದ್ದನ್ನು ಜನ ನಂಬಿದರು. ಇಟಗಿಯಲ್ಲಿ ಗೋಣೆಪ್ಪ ತುಂತುಣಿ ಮೀಟುತ್ತ ಕೊನೆಯ ಸಾಲಿಗೆ ಬಂದಾಗ ಯಾರೂ ದನಿ ಕೂಡಿಸಲಿಲ್ಲ. ಹಿಂದಿನಿಂದ ಒಬ್ಬ ಕೂಗಿದ: “ಏ ಕುರಿಗಾರ, ಸಾವ್ಕಾರ್ರ ಪದ ಕದ್ದು ನಿಮ್ಮವ್ವನ ಹೆಸರು ಹಚ್ಚೀ ಏನಲೇ?” ಜನ ನಕ್ಕರು.

ತುಂತುಣಿಯನ್ನು ಕಂಬಳಿಯಲ್ಲಿ ಸುತ್ತಿಕೊಂಡು ಎದ್ದ. ದಾರಿಯಲ್ಲಿ ಜೊತೆಗಿದ್ದ ನನ್ನನ್ನು ಒಂದೇ ಮಾತು ಕೇಳಿದ: “ಒಂದು ಸಾಲಿಗೆ ಎಷ್ಟು ಕಾಗದ ಹಿಡೀತಿತ್ರಿ, ಮಾಸ್ತರ್ರ?”

ಆಮೇಲೆ ಅವನು ಹಾಡಲಿಲ್ಲ.

೧೯೪೭ರ ಶ್ರಾವಣದಲ್ಲಿ ಚಳಿಜ್ವರದಿಂದ ಸತ್ತ. ಹೆಣ ಕೂರಿಸಿದಾಗ ಪಕ್ಕದೂರಿನ ಭಜನೆ ಮೇಳ ಬಂತು. ಸತ್ತವನು ಕಟ್ಟಿದ್ದೆಂದು ತಿಳಿಯದೆ, ಕೈಯಲ್ಲಿದ್ದ ಪುಸ್ತಕ ತೆರೆದು ಅವನದೇ ಪದ ಎತ್ತಿಕೊಂಡರು. ಕೊನೆಯ ಸಾಲು ಬಂತು. ನಾನು ಗಟ್ಟಿಯಾಗಿ ‘ಪಾರಮ್ಮನ ಮಗ’ ಎಂದೆ. ತಾಳ ತಪ್ಪಿತು.

ತಾಳ ಹಿಡಿದಿದ್ದ ಕೊಟ್ರಪ್ಪ ಒಳ್ಳೆಯವನು. ನನ್ನ ಕಡೆ ಬಾಗಿ, “ತಪ್ಪಾತ್ರಿ ಮಾಸ್ತರ್ರ. ಇಲ್ನೋಡ್ರಿ,” ಎಂದು ಪುಸ್ತಕ ತಂದು, ಆ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದ.