ದುಂಡವ್ವನ ಕೈಗೆ ಇಳಿಯದ ಅಂಜಿಕೆ

ಬಮ್ಮಿಗಟ್ಟಿಯಲ್ಲಿ ಮಕ್ಕಳು ಬೆಚ್ಚಿಬಿದ್ದರೆ ದುಂಡವ್ವನ ಮನೆಗೆ ಕರೆತರುತ್ತಾರೆ. ಆಕೆ ಕುಡುಗೋಲಿನ ತುದಿಯನ್ನು ಒಲೆಯಲ್ಲಿ ಕೆಂಪಗೆ ಕಾಯಿಸಿ ತಂಬಿಗೆಯ ನೀರಿಗೆ ಅದ್ದುತ್ತಾಳೆ. ಆ ನೀರನ್ನು ಮೂರು ಗುಟುಕು ಕುಡಿಸಿ, ಬೆನ್ನು ಸವರಿ, "ಹೋತು ನೋಡು ಅಂಜಿಕಿ, ಊರ ದಾಟಿ ಹೋತು" ಎನ್ನುತ್ತಾಳೆ. ಮೂವತ್ತು ವರ್ಷದಿಂದ ಇದೇ ನಡೆದಿದೆ.

ಈಗ ಮೊಮ್ಮಗಳು ಶಿವಾನಿಗೇ ಆ ನೀರು ಫಲ ಕೊಡುತ್ತಿರಲಿಲ್ಲ.

ಶಿವಾನಿಗೆ ಆರು ವರ್ಷ, ಒಂದನೇ ತರಗತಿ. ದೀಪಾವಳಿ ಮುಗಿದ ಮೇಲೆ ಶಾಲೆಯಲ್ಲಿ ನಾಲ್ಕು ಸಲ ಹಾಗಾಯಿತು. ಕೂತಲ್ಲೇ ಕೈ ತಣ್ಣಗಾಗಿ, ತುಟಿ ಒಣಗಿ, ದೂರದಿಂದ ಓಡಿಬಂದವಳಂತೆ ಏದುಸಿರು. "ಎದಿ ಬಡಕೊಳ್ಳಾಕತ್ತೈತಿ, ಅವ್ವನ್ನ ಕರೀರಿ" ಎಂದು ಒಂದೇ ಮಾತು. ಕಲಘಟಗಿಯ ಡಾಕ್ಟರು ಎದೆ ನೋಡಿ, ರಕ್ತ ನೋಡಿ, ಏನೂ ಇಲ್ಲ ಎಂದರು. ಏನೂ ಇಲ್ಲವೆಂದ ಮೇಲೆ ದುಂಡವ್ವನ ಹೆದರಿಕೆ ಇನ್ನೂ ಹೆಚ್ಚಿತು. ಶಾಲೆಯ ಅಕ್ಕೋರು, "ಆರಾಮ ಆಗೂತನಕ ಕಳಸಬ್ಯಾಡ್ರಿ. ಹೆಚ್ಚುಕಮ್ಮಿ ಆದ್ರ ನಾ ಯಾರಿಗೆ ಉತ್ತರಾ ಕೊಡ್ಲಿ?" ಎಂದುಬಿಟ್ಟರು. ಹುಡುಗಿಯ ಶಾಲೆ ಇಲ್ಲಿಗೇ ನಿಂತುಹೋದರೆ?

ಆಶಾ ಕಾರ್ಯಕರ್ತೆ ನಂದಾ ಬಂದಾಗ ದುಂಡವ್ವ ಒಲೆಯ ಮುಂದೆ ಕುಡುಗೋಲು ಹಿಡಿದು ಕೂತಿದ್ದಳು.

"ಎಷ್ಟನೇ ಸಲ ಆಯಿ ಈ ನೀರು ಕುಡಸೂದು?"

"ಒಂಬತ್ತನೇದು."

"ಕುಡಗೋಲ ಕರಗಿ ಹೋದೀತು, ಬಿಡು," ಎಂದು ನಂದಾ ಶಿವಾನಿಯ ಬಾಜು ಕೂತಳು. "ಯಾವಾಗ ಎದಿ ಬಡಕೋತೈತಿ ಬೇ?"

ಶಿವಾನಿ ಲಂಗದ ದಾರ ಎಳೆದಳು. "ಆಯಿ ಚಲೋ ಮಾತಾಡಿದಾಗ," ಎಂದು ಅಜ್ಜಿಯತ್ತ ಬೆರಳು ಮಾಡಿದಳು. "ಕರು ತೋರಸ್ತೀನಿ ಬಾ ಅಂತಾಳ. ತಿರುಗಿ ನೋಡಿದ್ರ ಅವ್ವ ಇರೂದಿಲ್ಲ. ಸಾಲ್ಯಾಗ ಹಾಡ ಹೇಳೂಮುಂದನೂ ಅವ್ವ ಎಲ್ಲೋ ಹೋದ್ಲು ಅನಸ್ತೈತಿ."

ದುಂಡವ್ವ ಕುಡುಗೋಲನ್ನು ಕೆಳಗಿಟ್ಟಳು. ಕೂಸನ್ನು ಅಳಿಸಿ ಹೊಸ್ತಿಲು ದಾಟಬಾರದೆಂದು ಅವಳ ಅತ್ತೆ ಕಲಿಸಿದ್ದಳು. ಸೊಸೆ ಮಹಾಲಕ್ಷ್ಮಿ ಕೂಲಿಗೆ ಹೊರಡುವ ಹೊತ್ತಿಗೆ ನಾಲ್ಕು ವರ್ಷದಿಂದ ದುಂಡವ್ವ ಮಗುವನ್ನು ಹಿತ್ತಲಿಗೆ ಒಯ್ದು ಏನಾದರೂ ತೋರಿಸುತ್ತಿದ್ದಳು. ಮುಂಬಾಗಿಲಿನಿಂದ ಸೊಸೆ ಜಾರಿಬಿಡುತ್ತಿದ್ದಳು. ದೀಪಾವಳಿಯಲ್ಲಿ ಹಾಗೇ ಜಾರಿ ತವರಿಗೆ ಹೋದವಳು ಮೂರು ದಿನ ಬಂದಿರಲಿಲ್ಲ. ಮಗು ಅತ್ತಿರಲಿಲ್ಲ. ನನ್ನ ಮೊಮ್ಮಗಳು ಅಳೂದೇ ಇಲ್ಲ ಎಂದು ದುಂಡವ್ವ ಓಣಿಗೆಲ್ಲ ಹೇಳಿಕೊಂಡಿದ್ದಳು.

"ಅಕಿ ದಿನಾ ಕಾವಲು ಕಾಯಾಕತ್ತಾಳ ಆಯಿ," ಎಂದಳು ನಂದಾ. "ಉಣ್ಣೂಮುಂದನೂ, ಆಡೂಮುಂದನೂ. ಅವ್ವ ಯಾವಾಗ ಮಾಯ ಆಗ್ತಾಳ ಗೊತ್ತಿಲ್ಲ ಅಂದ್ರ ಎದಿ ಬಡಕೊಳ್ಳದ ಇರತೈತೇನು?"

"ಹಂಗಾರ ಕೂಸನ್ನ ಅಳಿಸಿ ಕಳಸೂದೇನು?"

"ಅಳ್ಲಿ. ಆದ್ರ ಅವ್ವ ಹೇಳಿ ಹೋಗ್ಲಿ. ಬರೂ ಹೊತ್ತು ಖರೇ ಹೇಳ್ಲಿ."

ಮರುದಿನ ಬೆಳಗ್ಗೆ ಎಂಟಕ್ಕೆ ತಂಬೂರು ಎಂಬ ಊರಿನ ಹತ್ತಿ ಹೊಲಕ್ಕೆ ಹೊರಟ ಟೆಂಪೋ ಬಾಗಿಲಿಗೆ ಬಂತು. ಮಹಾಲಕ್ಷ್ಮಿ ಮಗಳ ಮುಂದೆ ಕೂತು, "ನಾ ಹತ್ತಿ ಬಿಡಸಾಕ ಹೊಂಟೇನಿ. ಆರಕ್ಕ ಬರ್ತೇನಿ," ಎಂದಳು. ಶಿವಾನಿ ಕಿರುಚಿ ಸೀರೆ ಹಿಡಿದಳು. ಚಾಲಕ ಬಾಬಾಸಾಬ ಹಾರ್ನ್ ಹೊಡೆದು, "ಏ ದುಂಡವ್ವ, ಸೊಸಿನ್ನ ಯುದ್ಧಕ್ಕ ಕಳಸಾಕತ್ತೀಯೇನ? ಲಗೂ ಬಿಡಬೇ!" ಎಂದ. ಟೆಂಪೋದಲ್ಲಿದ್ದ ಹೆಂಗಸರು ನಕ್ಕರು. ದುಂಡವ್ವ ಬೆರಳೊಂದೊಂದಾಗಿ ಸೀರೆ ಬಿಡಿಸಿದಳು. ಅಳುವ ಕೂಸನ್ನು ಬಿಟ್ಟು ಸೊಸೆ ಹೊಸ್ತಿಲು ದಾಟಿದಾಗ ತನ್ನ ಅತ್ತೆಯ ಮಾತು ದುಂಡವ್ವನಿಗೆ ನೆನಪಾಯಿತು. ಇಂದು ಏನಾದರೂ ಆದರೆ ಅದು ತನ್ನ ಮೇಲೇ ಬರುತ್ತದೆ.

ಸಂಜೆ ಆರಾಯಿತು. ಟೆಂಪೋ ಇಲ್ಲ. ಆರೂಕಾಲು. ಮಹಾಲಕ್ಷ್ಮಿಯ ಫೋನು ಹತ್ತಲಿಲ್ಲ. ಕಟ್ಟೆಯ ಮೇಲೆ ಕೂತ ಶಿವಾನಿಯ ಉಸಿರು ಸಣ್ಣಗೆ, ಬೇಗ ಬೇಗ ಓಡತೊಡಗಿತು. "ಅವ್ವ ಎಲ್ಲಿ ಆಯಿ?"

ಇಲ್ಲೇ ಅಂಗಡಿಗೆ ಹೋಗ್ಯಾಳ ಎಂಬ ಮಾತು ದುಂಡವ್ವನ ನಾಲಗೆಯ ತುದಿಗೆ ಬಂತು. ಟೆಂಪೋ ಯಾವುದೋ ತಗ್ಗಿನಲ್ಲಿ ಮಗುಚಿ ಬಿದ್ದಿರುವುದು ಅವಳ ಕಣ್ಣಿಗೆ ಕಟ್ಟುತ್ತಿತ್ತು. ಮಾತನ್ನು ನುಂಗಿದಳು.

"ನನಗೂ ಗೊತ್ತಿಲ್ಲವ್ವ. ನನಗೂ ಅಂಜಿಕಿ ಬಂದೈತಿ. ಇಲ್ಲಿ ಮುಟ್ಟಿ ನೋಡು."

ಶಿವಾನಿ ಅಜ್ಜಿಯ ಎದೆಯ ಮೇಲೆ ಅಂಗೈ ಇಟ್ಟಳು. "ನಿಂದು ನನಗಿಂತ ಜೋರ ಐತಿ!"

"ಹೂಂ. ಮುದಕಿ ಆದ್ರೂ ಬಿಡೂದಿಲ್ಲ ನೋಡು ಇದು."

ಮಗು ಕೈ ತೆಗೆಯಲಿಲ್ಲ. ಇಬ್ಬರೂ ಹಾಗೇ ರಸ್ತೆ ನೋಡುತ್ತ ಕೂತರು. ಉಸಿರು ಇಳಿಯಲಿಲ್ಲ, ಆದರೆ ಏರಲೂ ಇಲ್ಲ.

ಏಳಕ್ಕೆ ಹತ್ತು ನಿಮಿಷ ಇರುವಾಗ ಟೆಂಪೋ ಬಂತು. ಮಹಾಲಕ್ಷ್ಮಿ ಓಡುತ್ತ ಇಳಿದು, "ಗಾಲಿ ಪಂಚರ್ ಆಗಿತ್ತು, ತಪ್ಪಾತು," ಎಂದು ತೋಳು ಚಾಚಿದಳು.

ಶಿವಾನಿ ಕಟ್ಟೆಯಿಂದ ಇಳಿಯಲಿಲ್ಲ. "ಆರಕ್ಕ ಅಂದಿದ್ದಿ!" ಎಂದು ರೇಗಿದಳು. ಆ ದನಿಯಲ್ಲಿ ಏದುಸಿರಿನ ಸುಳಿವಿಲ್ಲದ್ದನ್ನು ದುಂಡವ್ವ ಕಿವಿಗೊಟ್ಟು ಕೇಳಿದಳು. "ತಡಾ ಆಗೂದಿದ್ರ ನಾಳಿ ಏಳಕ್ಕ ಬರ್ತೇನಿ ಅಂತ ಖರೇ ಹೇಳು. ನಾ ಸಾಲಿಗೆ ಹೋಗಿ ಅಲ್ಲಿಂದನ ತಾಸ ಎಣಸಬೇಕಲ್ಲ?"