ಮುಚ್ಚಳ ತೆಗೆಯುವ ಸರದಿ

ಚಿಪ್ ಕಾರ್ಖಾನೆಯ ಥಳಥಳ ನೋಡಿ ಮರುಳಾಗುವವರಿಗೆ ಪ್ಲಾಸ್ಮಾ ಯಂತ್ರದ ಒಳಗನ್ನು ಒಮ್ಮೆ ತೋರಿಸಬೇಕು. ಕಣ್ಣಿಗೆ ಕಾಣದಷ್ಟು ಸಣ್ಣ ಗೆರೆಗಳನ್ನು ಸಿಲಿಕಾನ್ ಬಿಲ್ಲೆಯ ಮೇಲೆ ಕೊರೆಯಲು ಯಂತ್ರದೊಳಗಿನ ಮುಚ್ಚಿದ ಪುಟ್ಟ ಕೋಣೆಯಲ್ಲಿ ಕ್ಲೋರಿನ್ ಅನಿಲಕ್ಕೆ ವಿದ್ಯುತ್ ಹಾಯಿಸುತ್ತಾರೆ. ಕೊರೆದ ಹೊಲಸಷ್ಟೂ ಆ ಕೋಣೆಯ ಗೋಡೆಗೆ ಹಕ್ಕಳೆಗಟ್ಟುತ್ತದೆ. ಅದನ್ನು ಒರೆಸುವವಳು ಸಿಡುಕಿ. ಅಡ್ಡಹೆಸರು ಸುಮ್ಮನೆ ಬಂದದ್ದಲ್ಲ.

ಕೆಲಸ ಕೊಡಿಸಿದವನು ಅಕ್ಕನ ಗಂಡ, ಕಲಿಸಿದವನೂ ಅವನೇ. ಮುಚ್ಚಳ ತೆಗೆಯುವ ಮುಂಚೆ ನೈಟ್ರೋಜನ್ ತುಂಬಿಸು, ಹೀರಿಸು, ಮತ್ತೆ ತುಂಬಿಸು. ಅವಸರ ಮಾಡಿದರೆ ಹಕ್ಕಳೆ ಗಾಳಿಯ ತೇವ ಕುಡಿದು ಆಸಿಡ್ಡಿನ ಹೊಗೆ ಕಾರುತ್ತದೆ, ನೆಟ್ಟಗೆ ಎದೆಗಿಳಿಯುತ್ತದೆ. ಹೀಗೆ ಬಾಯಿಪಾಠ ಮಾಡಿಸಿದ್ದ ಮನುಷ್ಯ ಮೇಲ್ವಿಚಾರಕನಾದ ಮೇಲೆ ತನ್ನ ಪಾಠವನ್ನೇ ನುಂಗಿ ನೀರು ಕುಡಿದ. ಯಂತ್ರ ನಿಂತಿರಬಾರದು, ಅಷ್ಟೇ ಅವನಿಗೆ.

ಅವತ್ತು ನೈಟ್ರೋಜನ್ ಒಂದೇ ಸುತ್ತು ಮುಗಿದಿತ್ತು.

"ಸಾಕು, ತೆಗಿ," ಎಂದ ಭಾವ.

"ಇನ್ನೂ ಪೂರ್ತಿ ಹೋಗಿಲ್ಲ ಭಾವ."

"ಮಾಸ್ಕ್ ಇದೆಯಲ್ಲ!"

"ಇದು ಧೂಳಿಗೆ, ಅನಿಲಕ್ಕಲ್ಲ ಅಂತ ಹೇಳಿಕೊಟ್ಟೋರು ಯಾರು?"

ಭಾವ ಹಲ್ಲು ಕಿರಿದ. ಆ ನಗು ಕಂಡರೇ ಅವಳಿಗೆ ಆಗದು.

"ನಿನಗೆ ಬೇಡವಾದ್ರೆ ಬಿಡು. ಮಾಡೋರು ಇದ್ದಾರೆ," ಎಂದು ಪಕ್ಕದ ಕೋಣೆಯತ್ತ ತಿರುಗಿ ಕೂಗಿದ. ಕೈಗವಸು ಏರಿಸಿಕೊಳ್ಳುತ್ತ ಬಂದವಳು ಅಕ್ಕ, ಅವನದೇ ಹೆಂಡತಿ; ಅವಳೂ ಇಲ್ಲೇ ಕೆಲಸಕ್ಕಿದ್ದಳು. ಒಂದು ಪ್ರಶ್ನೆ ಕೇಳದೆ ಮುಚ್ಚಳದ ತಿರುಪಿಗೆ ಕೈ ಹಾಕಿದಳು. ಭಾವ ಮಾತ್ರ ಮೆಲ್ಲಗೆ ಬಾಗಿಲಿನ ಆಚೆಗೆ ಸರಿದು, ಗಾಜಿನ ಹಿಂದೆ ನಿಂತುಕೊಂಡ.

ಸಿಡುಕಿ ಅಕ್ಕನ ಮುಂಗೈ ಹಿಡಿದಳು.

"ಅಕ್ಕಾ, ನಿನಗೇನು ತಲೆ ಕೆಟ್ಟಿದೆಯಾ? ಈಗ ತೆಗೆದ್ರೆ ಆ ಹಾಳು ವಾಸನೆ ತಡೆಯೋಕಾಗುತ್ತಾ?"

"ಬಿಡೇ. ನೀನಿಲ್ಲದ ಶಿಫ್ಟಲ್ಲೆಲ್ಲ ನಾನೇ ತಾನೆ ತೆಗೆಯೋದು," ಎಂದಳು ಅಕ್ಕ, ಸಮಾಧಾನ ಹೇಳುವ ದನಿಯಲ್ಲಿ. "ಮೊದಮೊದಲು ಕಷ್ಟ ಆಗ್ತಿತ್ತು. ಈಗ ನನಗೆ ಯಾವ ವಾಸನೆಯೂ ಗೊತ್ತಾಗಲ್ಲ. ಮನೇಲಿ ಹಾಲು ಸೀದ್ರೂ ಗೊತ್ತಾಗಲ್ಲ."

ಗಾಜಿನಾಚೆ ಭಾವ ಬೇಗ ಬೇಗ ಎಂದು ಕೈಸನ್ನೆ ಮಾಡುತ್ತಿದ್ದ. ಥೂ! ಇವನ ಕೈಯಲ್ಲಿ ಕಲಿತೆನಲ್ಲ, ಇವನ ಮನೆಯಲ್ಲಿ ಉಂಡೆನಲ್ಲ ಎಂದು ಸಿಡುಕಿಗೆ ಮೈಯೆಲ್ಲ ಹೇಸಿಗೆಯಾಯಿತು.

ಅವಳು ನೈಟ್ರೋಜನ್ ಗುಂಡಿಯನ್ನು ಮತ್ತೆ ಒತ್ತಿದಳು. ಭಾವ ಗಾಜು ಬಡಿಯತೊಡಗಿದ. ಪಂಪು ಗುಡುಗುಡು ಎನ್ನುತ್ತಿರಲು, ಅಕ್ಕನ ಕೈಗವಸು ಒಂದೊಂದಾಗಿ ಬಿಚ್ಚಿದಳು.